ಟಕ್ ಟಕ್ ಎಂದದ್ದು ಬೇಲಿಯೋ, ನಕ್ಷತ್ರವೋ?

ಕೊಡಚಾದ್ರಿಯ ನೆತ್ತಿಯಲ್ಲೊಂದು ರೇಡಿಯೋ ಗ್ರಾಹಕ. ನಡುರಾತ್ರಿ ಅದಕ್ಕೆ ಅನ್ಯಲೋಕದ ಸಂಕೇತ ಸಿಗುತ್ತದೆ, ಬೆಳಗಾಗುವಷ್ಟರಲ್ಲಿ ಶಿವಮೊಗ್ಗಕ್ಕೆಲ್ಲ ಸುದ್ದಿ. ವಿಜ್ಞಾನ ಕಥೆ ಬರೆಯಲು ಕೂತರೆ ಹೀಗೆ ಶುರುಮಾಡುವುದು ಸುಲಭ. ಆದರೆ ಅನ್ಯಲೋಕದವರ ಹುಡುಕಾಟ ನಿಜವಾಗಿ ನಡೆದುಬಂದ ದಾರಿಯಲ್ಲಿ ಸಂಕೇತ ಸಿಕ್ಕಿದ್ದು ಒಂದು ಕ್ಷಣ, ಅದನ್ನು ಪರೀಕ್ಷಿಸಿದ್ದು ತಿಂಗಳುಗಟ್ಟಲೆ. ಕಥೆಗೆ ಬೇಕಾದ ಜೀವವೆಲ್ಲ ಆ ತಿಂಗಳುಗಳಲ್ಲಿದೆ.

1967ರಲ್ಲಿ ಕೇಂಬ್ರಿಜ್‌ನ ಸಂಶೋಧನಾ ವಿದ್ಯಾರ್ಥಿನಿ ಜೋಸೆಲಿನ್ ಬೆಲ್‌ಗೆ ಆಕಾಶದಿಂದ 1.337 ಸೆಕೆಂಡಿಗೊಮ್ಮೆ ತಪ್ಪದೆ ಬರುವ ರೇಡಿಯೋ ಮಿಡಿತ ಸಿಕ್ಕಿತು. ನಮ್ಮ ತೋಟಗಳ ಸೋಲಾರ್ ಬೇಲಿ ಮಿಡಿಯುವುದೂ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆಯೇ. ಮಳೆಗಾಲದಲ್ಲಿ ಹಸಿ ಬಳ್ಳಿ ತಂತಿಗೆ ತಾಗಿ ಕಿಡಿ ಹಾರಿದರೆ, ಭದ್ರಾವತಿ ಆಕಾಶವಾಣಿಯ ವಾರ್ತೆಯ ನಡುವೆ ಟಕ್, ಟಕ್ ಎಂದು ಕೇಳುತ್ತದೆ. ಕೇಂಬ್ರಿಜ್‌ನವರಿಗೂ ಮೊದಲು ಇಂಥದ್ದೇ ಅನುಮಾನ. ಆದರೆ ಆ ಮಿಡಿತ ದಿನಕ್ಕೆ ಸುಮಾರು 4 ನಿಮಿಷ ಬೇಗ ಬರುತ್ತಿತ್ತು, ಅಂದರೆ ನಕ್ಷತ್ರಗಳ ಜೊತೆಗೇ ಹುಟ್ಟಿ ಮುಳುಗುತ್ತಿತ್ತು. ಯಾವ ಬೇಲಿಗೂ ಆ ಗಡಿಯಾರವಿಲ್ಲ. ಅದಕ್ಕೆ 'ಪುಟ್ಟ ಹಸಿರು ಮನುಷ್ಯರು' ಎಂಬ ಅಡ್ಡಹೆಸರೂ ಬಿತ್ತು. ಆಮೇಲೆ ಆಕಾಶದ ಬೇರೆಯೇ ಮೂಲೆಯಲ್ಲಿ ಬೆಲ್ ಅಂಥದ್ದೇ ಇನ್ನೊಂದನ್ನು ಕಂಡರು. ಎರಡು ಲೋಕದವರು ಒಂದೇ ಕಾಲಕ್ಕೆ, ಒಂದೇ ರೀತಿ ಕರೆಯುವುದುಂಟೆ? ಅದು ಗಿರಗಿರ ತಿರುಗುವ ನ್ಯೂಟ್ರಾನ್ ನಕ್ಷತ್ರ, ಅಂದರೆ ಸತ್ತ ದೊಡ್ಡ ನಕ್ಷತ್ರದ ಕುಗ್ಗಿದ ತಿರುಳು. ಹೆಸರು ಪಲ್ಸಾರ್.

1977ರ ಆಗಸ್ಟ್ 15ರಂದು ಅಮೆರಿಕದ ಒಹಾಯೊದ ರೇಡಿಯೋ ದೂರದರ್ಶಕದಲ್ಲಿ ದಾಖಲಾದ ಸಂಕೇತ ಇನ್ನೂ ಬಗೆಹರಿದಿಲ್ಲ. ಆ ದೂರದರ್ಶಕ ಭೂಮಿಯ ಜೊತೆ ತಿರುಗುವಾಗ ಒಂದು ನಕ್ಷತ್ರ ಅದರ ನೋಟ ದಾಟಲು 72 ಸೆಕೆಂಡು ಬೇಕು. ಆಕಾಶದ್ದೇ ಎಂಬಂತೆ ಸಂಕೇತ ಅಷ್ಟೇ ಹೊತ್ತು ಏರಿ ಇಳಿಯಿತು. ಆದರೆ ಆ ದೂರದರ್ಶಕಕ್ಕಿದ್ದದ್ದು ಸಂಕೇತ ಹಿಡಿಯುವ ಎರಡು ಕೊಂಬು. ಸುಮಾರು ಮೂರು ನಿಮಿಷದ ಅಂತರದಲ್ಲಿ ಎರಡರಲ್ಲೂ ಕಾಣಬೇಕಿತ್ತು, ಕಂಡದ್ದು ಒಂದರಲ್ಲಿ ಮಾತ್ರ.

ಆಸ್ಟ್ರೇಲಿಯದ ಪಾರ್ಕ್ಸ್ ರೇಡಿಯೋ ದೂರದರ್ಶಕದಲ್ಲಿ 1998ರಿಂದ ಕಾಡಿದ ಕೆಲವು ಸಂಕೇತಗಳ ಮೂಲ 2015ರಲ್ಲಿ ಸಿಕ್ಕಿತು: ಒಲೆ ನಿಲ್ಲುವ ಮೊದಲೇ ಯಾರೋ ತೆರೆಯುತ್ತಿದ್ದ ಮೈಕ್ರೋವೇವ್‌ನ ಬಾಗಿಲು. ಅದನ್ನೇ 2019ರಲ್ಲಿ ಸೂರ್ಯನಿಗೆ ಅತಿ ಹತ್ತಿರದ ಪ್ರಾಕ್ಸಿಮಾ ನಕ್ಷತ್ರದತ್ತ ತಿರುಗಿಸಿದಾಗ 982.002 ಮೆಗಾಹರ್ಟ್ಸ್‌ನಲ್ಲೊಂದು ಸಂಕೇತ ಸಿಕ್ಕಿತು. ಮಂಜಿನಲ್ಲಿ ಆಚೆ ಗುಡ್ಡದಿಂದ 'ಕೂ' ಕೇಳಿದರೆ ನಾವು ಕಿವಿ ಅತ್ತಿತ್ತ ಹೊರಳಿಸಿ ದಿಕ್ಕು ಹಿಡಿಯುತ್ತೇವಲ್ಲ, ವಿಧಾನ ಅದೇ: ನಕ್ಷತ್ರದ ಕಡೆ ಸ್ವಲ್ಪ ಹೊತ್ತು, ಪಕ್ಕಕ್ಕೆ ಸ್ವಲ್ಪ ಹೊತ್ತು, ಮತ್ತೆ ನಕ್ಷತ್ರ. ಪಕ್ಕಕ್ಕೆ ತಿರುಗಿಸಿದಾಗಲೂ ಕೇಳಿದರೆ ಅದು ನೆಲದ್ದೇ. ಈ ಸಂಕೇತ ಆ ಪರೀಕ್ಷೆಯನ್ನೂ ದಾಟಿತ್ತು. ಆದರೆ ಅದೇ ಚಹರೆಯವು ಬೇರೆ ಆವರ್ತನಗಳಲ್ಲಿ, ದಿಕ್ಕು ಬದಲಿಸಿದಾಗಲೂ ಸಿಕ್ಕವು. 2021ರಲ್ಲಿ ಅದು ಭೂಮಿಯದ್ದೇ ಗದ್ದಲವೆಂದು ತೀರ್ಮಾನವಾಯಿತು.

ಹಾಗಾಗಿ ಕೊಡಚಾದ್ರಿಯ ಕಥೆಗೆ ಎರಡನೆಯ ಕಿವಿ ಬೇಕೇಬೇಕು. ಪುಣೆ ಬಳಿ ರೇಡಿಯೋ ದೂರದರ್ಶಕದ 45 ಮೀಟರ್ ಅಗಲದ 30 ಡಿಶ್‌ಗಳಿವೆ, ಕಥಾನಾಯಕಿಯ ಮೊದಲ ಫೋನು ಅಲ್ಲಿಗೇ ಹೋಗಲಿ. ಅನ್ಯಲೋಕದ ಸಂಕೇತ ಸಿಕ್ಕರೆ ಏನು ಮಾಡಬೇಕೆಂದು ವಿಜ್ಞಾನಿಗಳು 1989ರಲ್ಲಿ ಒಪ್ಪಿಕೊಂಡ ತತ್ವಗಳೂ ಹೇಳುವುದು ಅದನ್ನೇ: ಮೊದಲು ಬೇರೆಯವರಿಂದ ಖಚಿತಪಡಿಸಿಕೊಳ್ಳಿ, ಆಮೇಲೆ ಸಾರಿ, ಎಲ್ಲರೊಡನೆ ಸಮಾಲೋಚಿಸದೆ ಉತ್ತರ ಕಳಿಸಬೇಡಿ. ಕಳಿಸಿದರೂ ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷ ದೂರ. ಸುಮಾರು ಎಂಟೂವರೆ ವರ್ಷಕ್ಕೆ ಮರುಮಾತು ಬರುವಷ್ಟರಲ್ಲಿ, ಆ ದಿನ ನೆಟ್ಟ ಅಡಿಕೆ ಸಸಿ ಫಸಲು ಕೊಡಲು ಶುರುಮಾಡಿರುತ್ತದೆ.