ಪಾನಾ ಇಡುವ ಜಾಗ ಕಾರಲ್ಲ

ಭಾನುವಾರ ಬಂತೆಂದರೆ ನಮ್ಮ ಗ್ಯಾರೇಜಿನ ಗಿರಾಕಿಗಳಿಂದ ವಾಟ್ಸಾಪ್‌ಗೆ ಫೋಟೊ ಬರುತ್ತವೆ. ಹೆಚ್ಚಿನವು ಟೂಲ್ ಕಿಟ್‌ ಫೋಟೊಗಳೇ. "ಅಣ್ಣಾ, ಇದು ತಗೊಳ್ಳಲಾ? 108 ಪೀಸ್ ಇದೆ, ಡಿಸ್ಕೌಂಟ್ ಬೇರೆ." ಏರ್ ಫಿಲ್ಟರ್, ಪ್ಲಗ್, ಬ್ಯಾಟರಿ ಇಂಥದ್ದನ್ನೆಲ್ಲ ಮನೆ ಮುಂದೆಯೇ ಬದಲಿಸಿಕೊಳ್ಳುವವರು ದಾವಣಗೆರೆಯಲ್ಲೂ ಜಾಸ್ತಿ ಆಗಿದ್ದಾರೆ. ನನಗೆ ಖುಷಿಯೇ. ತನ್ನ ಗಾಡಿಯ ಬಾನೆಟ್ ಎತ್ತಿ ನೋಡಿದವರಿಗೆ ರಿಪೇರಿ ವಿಷಯ ಬೇಗ ಅರ್ಥವಾಗುತ್ತದೆ, ಬಿಲ್ ನೋಡಿ ಜಗಳ ಕಡಿಮೆ ಮಾಡುತ್ತಾರೆ.

ಕಿಟ್ ಯಾವುದಾದರೂ ತಗೊಳ್ಳಿ. ನಾನು ಕೇಳುವುದು ಬೇರೆ: ಬೋಲ್ಟ್ ಬಿಚ್ಚಿದ ಮೇಲೆ ಪಾನಾ ಎಲ್ಲಿ ಇಡ್ತೀರಿ?

"ಅಲ್ಲೇ ಎಲ್ಲಾದ್ರೂ ಇಟ್ಟಿರ್ತೀನಿ ಬಿಡಣ್ಣ."

ಅಲ್ಲೇ ಅಂದರೆ ಬ್ಯಾಟರಿ ಮೇಲೆ. ಏರ್ ಫಿಲ್ಟರ್ ಡಬ್ಬಿ ಮೇಲೆ. ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ಮೇಲೆ. ಬಾನೆಟ್ ಲಾಕ್ ಕೂರುವ ಪಟ್ಟಿ ಮೇಲೆ. ಪಾನಾ ಕಾರಿನ ಮೇಲೆ ಇಡಬೇಡಿ ಅಂತ ಎಷ್ಟು ಹೇಳಿದರೂ ಜನ ತಲೆ ಆಡಿಸುತ್ತಾರೆ, ಮತ್ತೆ ಅಲ್ಲೇ ಇಡುತ್ತಾರೆ. "ಎರಡು ನಿಮಿಷಕ್ಕೆ ಅಲ್ವಾ" ಅನ್ನುತ್ತಾರೆ. ಆ ಎರಡು ನಿಮಿಷದಲ್ಲಿ ಹೆಂಡತಿ ಕಾಫಿಗೆ ಕರೆಯುತ್ತಾರೆ, ಪಕ್ಕದ ಮನೆಯವರು ಬಂದು "ಏನ್ರೀ, ಗ್ಯಾರೇಜ್ ಇಟ್ಟುಬಿಟ್ರಾ" ಅಂತ ಮಾತಿಗೆ ನಿಲ್ಲುತ್ತಾರೆ. ವಾಪಸ್ ಬಂದಾಗ ಪಾನಾ ಮರೆತುಹೋಗಿರುತ್ತದೆ. ಬಾನೆಟ್ ಮುಚ್ಚಿಯಾಯಿತು, ಗಾಡಿ ಸ್ಟಾರ್ಟ್ ಆಯಿತು.

ಚನ್ನಗಿರಿ ಕಡೆಯ ಅಡಿಕೆ ತೋಟದ ಯಜಮಾನರೊಬ್ಬರು ಗಾಡಿ ತಂದಿದ್ದರು. ಹಂಪ್ ಹತ್ತಿಸಿದರೆ ಮುಂದಿನಿಂದ ಕಟಕಟ ಸದ್ದು. ಅದಕ್ಕೂ ಮೊದಲು ಬೇರೆ ಕಡೆ ತೋರಿಸಿ ಲಿಂಕ್ ರಾಡ್ ಬದಲಿಸಿದ್ದರು, ಆಮೇಲೆ ಶಾಕ್ ಅಬ್ಸಾರ್ಬರ್ ಬುಷ್ ಕೂಡ. ಸದ್ದು ಮಾತ್ರ ಹೋಗಿರಲಿಲ್ಲ. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿದೆವು. ಒಳಗೆ 12-13 ಎಂಎಂ ಪಾನಾ ಆರಾಮಾಗಿ ಮಲಗಿತ್ತು. ಯಜಮಾನರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ನಮ್ದೇ ಕಣಯ್ಯ, ಇದಕ್ಕೆ ನಮ್ಮ ಹುಡುಗನ್ನ ಬೈದುಬಿಟ್ಟಿದ್ದೆ" ಅಂದರು. ಬಿಲ್ ಬರೆಯುವಾಗ ನನಗೇ ನಗು ತಡೆಯಲು ಆಗಲಿಲ್ಲ. ಆ ಕವರ್ ಇದ್ದದ್ದಕ್ಕೆ ಪಾನಾ ಸುಮ್ಮನೆ ಬಿದ್ದಿತ್ತು. ಎಂಜಿನ್‌ನ ತಿರುಗುವ ಬೆಲ್ಟ್ ಮೇಲೆ ಬಿದ್ದಿದ್ದರೆ ಕಥೆ ಬೇರೆ ಆಗುತ್ತಿತ್ತು. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗೇ ತಿರುಗುತ್ತದೆ, ಅದೂ ನೆನಪಿರಲಿ.

ಇನ್ನು ಬ್ಯಾಟರಿ. ಇಲ್ಲಿ ನಾನು ನಗುವುದಿಲ್ಲ. 12 ವೋಲ್ಟ್ ಅಷ್ಟೇ, ಶಾಕ್ ಹೊಡೆಯಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಪಾನಾ ಒಂದು ತುದಿ ಪ್ಲಸ್‌ಗೆ, ಇನ್ನೊಂದು ತುದಿ ಮೈನಸ್‌ಗೋ ಗಾಡಿಯ ಬಾಡಿಗೋ ತಗುಲಿದರೆ ನೂರಾರು ಆಂಪಿಯರ್ ಕರೆಂಟ್ ಅದರಲ್ಲೇ ಹರಿಯುತ್ತದೆ. ಕಬ್ಬಿಣ ಕೆಂಪಗೆ ಕಾಯುತ್ತದೆ. ಬೆರಳಲ್ಲಿ ಉಂಗುರ ಇದ್ದು ಅದು ನಡುವೆ ಸಿಕ್ಕಿಕೊಂಡರೆ ಏನಾಗುತ್ತೆ ಅಂತ ಬರೆಯಲು ಮನಸ್ಸಿಲ್ಲ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬೇರೆ ಬರುತ್ತದೆ, ಕಿಡಿ ಹಾರಿದರೆ ಬ್ಯಾಟರಿ ಸಿಡಿಯಲೂಬಹುದು. ಬಿಚ್ಚುವಾಗ ಮೊದಲು ಮೈನಸ್ ಬಿಚ್ಚಿ ಅನ್ನುವುದು ಇದಕ್ಕೇ. ಮೈನಸ್ ಬಿಚ್ಚಿದ ಮೇಲೆ ಪ್ಲಸ್ ಬಿಚ್ಚುವ ಪಾನಾ ಬಾಡಿಗೆ ತಾಗಿದರೂ ಸರ್ಕ್ಯೂಟ್ ಆಗುವುದಿಲ್ಲ. ಹಾಗಂತ ಬಿಚ್ಚಿದ ಬ್ಯಾಟರಿ ಮೇಲೆ ಪಾನಾ ಇಡಬಹುದು ಅಂತಲ್ಲ. ಎರಡು ಟರ್ಮಿನಲ್ ಇನ್ನೂ ಅಲ್ಲೇ ಇರುತ್ತವಲ್ಲ.

ಹಾಗಾದರೆ ಎಲ್ಲಿ ಇಡಬೇಕು? ಒಂದು ಸ್ಟೂಲು, ಅದರ ಮೇಲೊಂದು ಹಳೇ ಪರಾತ. ಇಷ್ಟೇ. ಸ್ಟೂಲು ಸೊಂಟದೆತ್ತರಕ್ಕಿರಲಿ, ನೀವು ಬಲಗೈಯವರಾದರೆ ಬಲಕ್ಕೇ ಇರಲಿ. ಹೆಜ್ಜೆ ಕಿತ್ತಿಡದೆ, ಕಣ್ಣು ತಿರುಗಿಸದೆ ಕೈಗೆ ಸಿಗಬೇಕು. ಗೋಡೆಗೆ ಹಲಗೆ ಹೊಡೆಸಿ, ಸಾಲಾಗಿ ಮೊಳೆಗೆ ತೂಗು ಹಾಕಿ ಫೋಟೊ ಕಳಿಸುವವರಿದ್ದಾರೆ. ಚೆನ್ನಾಗಿರುತ್ತದೆ. ಆದರೆ ಗೋಡೆ ಇರುವುದು ಒಂದು ಕಡೆ, ಗಾಡಿ ಇರುವುದು ಇನ್ನೊಂದು ಕಡೆ. ಒಂದು ಕೈಯಲ್ಲಿ ಆಲ್ಟರ್ನೇಟರ್ ಹಿಡಿದುಕೊಂಡವರು ಗೋಡೆ ತನಕ ಹೋಗುವುದು ಹೇಗೆ? ಅದಕ್ಕೇ ಅವರು ಅಲ್ಲೇ ಎಲ್ಲಾದರೂ ಇಡುವುದು. ಸೋಮಾರಿತನ ಅಂತ ನಾನು ಅನ್ನುವುದಿಲ್ಲ, ಕೈಗೆ ಬೇರೆ ಜಾಗ ಸಿಕ್ಕಿರುವುದಿಲ್ಲ ಅಷ್ಟೇ.

ಪರಾತಕ್ಕೆ ಆ ಕೆಲಸಕ್ಕೆ ಬೇಕಾದಷ್ಟೇ ಹಾಕಿ. 108 ಪೀಸ್ ಪೂರ್ತಿ ಸುರಿದರೆ ಹುಡುಕುವುದೇ ಕೆಲಸ. ಮಾರುತಿ ಗಾಡಿಯ ಬಾನೆಟ್ ಕೆಳಗಿನ ಹೆಚ್ಚಿನ ಕೆಲಸ 10, 12, 14ರಲ್ಲೇ ಮುಗಿಯುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾದಂಥ ಗಾಡಿಗೆ 13 ಬೇಕು. ಗಾಲಿ ನಟ್ಟು ಮಾರುತಿಗೆ ಸಾಮಾನ್ಯವಾಗಿ 19, ಹ್ಯುಂಡೈಗೆ 21. ಮಾಡೆಲ್ ಮೇಲೆ ಬದಲಾಗಬಹುದು, ಒಮ್ಮೆ ಹಾಕಿ ನೋಡಿಕೊಂಡೇ ಶುರು ಮಾಡಿ. ಪರಾತದಲ್ಲಿ ಪಾನಾದ ಹಿಡಿ ನಿಮ್ಮ ಕಡೆಗಿರಲಿ. ಒರೆಸುವ ವೇಸ್ಟ್ ಬಟ್ಟೆಯನ್ನು ಪರಾತದಲ್ಲಿ ಇಡಬೇಡಿ, ಅದರಡಿ 10ರ ಸಾಕೆಟ್ ಮಾಯವಾಗುತ್ತದೆ. ಮಡ್‌ಗಾರ್ಡ್ ಮೇಲೆ ಹಳೇ ಚಳ್ಳಕೆರೆ ಕಂಬಳಿ ಹೊದಿಸಿದರೆ ಬೆಲ್ಟ್ ಬಕಲ್‌ನಿಂದ ಬಣ್ಣ ಗೀರುವುದಿಲ್ಲ. ಆದರೆ ಕಂಬಳಿ ಹಾಕಿದ್ದು ಪಾನಾ ಇಡೋಕಲ್ಲ!

ಹರಿಹರದ ಫ್ಯಾಕ್ಟರಿಯಲ್ಲಿ ಲೇತ್ ಮೇಲೆ ಕೆಲಸ ಮಾಡಿ ರಿಟೈರ್ ಆದ ಹಿರಿಯರೊಬ್ಬರು ನಮ್ಮಲ್ಲಿಗೆ ಬರುತ್ತಾರೆ. ಅವರ ಹತ್ತಿರ ಇರುವುದು ಒಂದು ಗೋಣಿಚೀಲದಷ್ಟು ಸಾಮಾನು ಮಾತ್ರ. ಒಂದು ಪಾನಾ ಎತ್ತುವ ಮೊದಲು ಕೈಲಿರುವುದನ್ನು ಅದರ ಜಾಗಕ್ಕೆ ಇಟ್ಟೇ ಇಡುತ್ತಾರೆ. ನಿಧಾನ ಅನಿಸುತ್ತದೆ, ಆದರೆ ನಮ್ಮ ಹುಡುಗರಿಗಿಂತ ಬೇಗ ಮುಗಿಸುತ್ತಾರೆ. ಹುಡುಗರಿಗೆ ತೋರಿಸಿದರೆ "ಅವರಿಗೆ ಟೈಮ್ ಇದೆ ಬಿಡಣ್ಣ" ಅನ್ನುತ್ತಾರೆ. ಆಯುಧ ಪೂಜೆ ದಿನ ಇದೇ ಹುಡುಗರು ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದು, ಅಳತೆ ಪ್ರಕಾರ ಸಾಲಾಗಿ ಜೋಡಿಸಿ, ಕುಂಕುಮ ಹಚ್ಚುತ್ತಾರೆ. ಬರುತ್ತೆ ಅವರಿಗೆ.

ಬಿಚ್ಚಿದ ಬೋಲ್ಟ್‌ಗಳಿಗೆ ಹಳೇ ಇಡ್ಲಿ ತಟ್ಟೆ ಸಾಕು, ಬಿಚ್ಚಿದ ಕ್ರಮದಲ್ಲಿ ಒಂದೊಂದು ಗುಳಿಗೆ ಹಾಕುತ್ತಾ ಹೋಗಿ. ವಾಟರ್ ಪಂಪ್‌ನಂಥ ಕಡೆ ಬೋಲ್ಟ್‌ಗಳ ಉದ್ದ ಒಂದೇ ಇರುವುದಿಲ್ಲ. ಉದ್ದದ್ದನ್ನು ಗಿಡ್ಡದ ತೂತಿಗೆ ಹಾಕಿ ಬಿಗಿದರೆ ಅಲ್ಯೂಮಿನಿಯಂ ಸೀಳಿಬಿಡಬಹುದು. ರಟ್ಟಿನ ಮೇಲೆ ಪಂಪ್‌ನ ಆಕಾರ ಬರೆದು, ಬೋಲ್ಟ್‌ಗಳನ್ನು ಅದದೇ ಜಾಗಕ್ಕೆ ಚುಚ್ಚಿಟ್ಟರೆ ಇನ್ನೂ ಒಳ್ಳೆಯದು. ಮ್ಯಾಗ್ನೆಟ್ ತಟ್ಟೆಯನ್ನೇ ಪೂರ್ತಿ ನಂಬಬೇಡಿ, ಹಿತ್ತಾಳೆ ಮತ್ತು ಅಲ್ಯೂಮಿನಿಯಂ ಅದಕ್ಕೆ ಅಂಟುವುದಿಲ್ಲ.

ಗಾಡಿ ಅಡಿಗೆ ಹೋಗುವವರಿಗೆ, ಎತ್ತಿದ ಗಾಡಿಗೆ ಆಸರೆ ಕೊಡುವ ಸ್ಟ್ಯಾಂಡ್ ವಿಷಯ ಹೇಳುವುದಿಲ್ಲ, ಅದು ಗೊತ್ತಿಲ್ಲದವರು ಅಡಿಗೆ ಹೋಗಲೇಬೇಡಿ. ಮಲಗಿಕೊಂಡು ಪಾನಾವನ್ನು ಎದೆ ಮೇಲೆ ಇಟ್ಟುಕೊಳ್ಳುವ ಅಭ್ಯಾಸ ಮಾತ್ರ ಬಿಡಿ. ಮಗ್ಗುಲು ತಿರುಗಿದ ತಕ್ಷಣ ಅದು ಜಾರಿ ಕತ್ತಿನ ಹತ್ತಿರ ಬೀಳುತ್ತದೆ. ಪರಾತ ಹೆಗಲ ಪಕ್ಕ ನೆಲದ ಮೇಲಿರಲಿ, ಜ್ಯಾಕ್ ಹಿಡಿ ಓಡಾಡುವ ದಾರಿಯಲ್ಲಿ ಬೇಡ.

ಕೊನೆಗೆ ಎಣಿಕೆ. ವಿಮಾನ ರಿಪೇರಿ ಮಾಡುವಲ್ಲಿ ಪ್ರತಿ ಸಾಮಾನಿಗೂ ಅದರ ಆಕಾರದ ಗುರುತು ಇರುವ ಹಲಗೆ ಇರುತ್ತದೆ, ಒಂದು ಕಡಿಮೆ ಇದ್ದರೂ ವಿಮಾನ ಬಿಡುವುದಿಲ್ಲ. ನೀವು ಅಷ್ಟು ಮಾಡಬೇಕಿಲ್ಲ. ಶುರು ಮಾಡುವ ಮೊದಲು ಪರಾತದ ಒಂದು ಫೋಟೊ ತೆಗೆಯಿರಿ. ಬಾನೆಟ್ ಮುಚ್ಚುವ ಮೊದಲು ಫೋಟೊ ನೋಡಿ ಎಣಿಸಿ. ಒಂದು ಕಡಿಮೆ ಇದ್ದರೆ ಸ್ಟಾರ್ಟ್ ಮಾಡಬೇಡಿ, ಟಾರ್ಚ್ ಹಾಕಿ ಹುಡುಕಿ. ಸಿಗಲೇ ಇಲ್ಲವೆಂದರೆ ಕೆಳಗಿನ ಕವರ್ ಬಿಚ್ಚಿ ನೋಡಿ. ಅಲ್ಲೂ ಸಿಗದಿದ್ದರೆ ನನಗೆ ಫೋನ್ ಮಾಡುವ ಮುಂಚೆ ನಿಮ್ಮ ಪ್ಯಾಂಟಿನ ಹಿಂದಿನ ಜೇಬು ಮುಟ್ಟಿ ನೋಡಿಕೊಳ್ಳಿ.