ಅಂಟಿಸಿದ ಬೆನ್ನಿಗೇ ಕತ್ತರಿಸುವ ಸಕ್ಕರೆ

ಜೀವಕೋಶ 14 ಸಕ್ಕರೆ ಅಣುಗಳನ್ನು ಒಂದೊಂದಾಗಿ ಜೋಡಿಸಿ, ಕವಲೊಡೆದ ಪುಟ್ಟ ಗಿಡದಂಥದ್ದೊಂದನ್ನು ಕಟ್ಟುತ್ತದೆ. ಅದನ್ನು ಹೊಸ ಪ್ರೋಟೀನಿಗೆ ಅಂಟಿಸುತ್ತದೆ. ಅಂಟಿಸಿದ ಬೆನ್ನಿಗೇ ಒಂದು ಕೊಂಬೆಯ ತುದಿಯಲ್ಲಿರುವ ಮೂರು ಗ್ಲೂಕೋಸ್‌ಗಳನ್ನು ಕತ್ತರಿಸತೊಡಗುತ್ತದೆ. ಕತ್ತರಿಸುವುದಿದ್ದರೆ ಕಷ್ಟಪಟ್ಟು ಸೇರಿಸಿದ್ದು ಯಾಕೆ? ಸುಮ್ನೆ ದಂಡದ ಕೆಲಸ ಅಲ್ವಾ?

ಅಲ್ಲ. ಇಡೀ ಏರ್ಪಾಡಿನ ಜಾಣತನ ಇರುವುದೇ ಆ ಮೂರರಲ್ಲಿ.

ಇದೆಲ್ಲ ನಡೆಯುವ ಜಾಗದ ಹೆಸರು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್. ಹೆಸರು ಉದ್ದ, ಇಆರ್ ಅಂದರೆ ಸಾಕು. ಕೋಶದ ಹೊರಗೆ ಹೋಗಬೇಕಾದ ಪ್ರೋಟೀನುಗಳು ತಯಾರಾಗುತ್ತಾ ಆಗುತ್ತಾ ದಾರದಂತೆ ಇದರೊಳಗೆ ಇಳಿಯುತ್ತವೆ. ಗಿಡ ಅಷ್ಟರಲ್ಲೇ ಸಿದ್ಧವಾಗಿರುತ್ತದೆ. ಇಆರ್ ಪೊರೆಯಲ್ಲಿ ನಾಟಿಕೊಂಡ ಡಾಲಿಕಾಲ್ ಎಂಬ ಕೊಬ್ಬಿನಂಥ ಅಣುವಿನ ಮೇಲೆ ಅದು ಬೆಳೆದಿರುತ್ತದೆ. ಮೊದಲ ಏಳು ಸಕ್ಕರೆಗಳು ಪೊರೆಯ ಹೊರಮೈಯಲ್ಲಿ ಕೂಡುತ್ತವೆ. ಆಮೇಲೆ ಗಿಡವೇ ಒಳಕ್ಕೆ ಮಗುಚಿಕೊಳ್ಳುತ್ತದೆ, ಉಳಿದ ಏಳು ಅಲ್ಲಿ ಸೇರುತ್ತವೆ.

ಎಲ್ಲಿ ಅಂಟಿಸಬೇಕು? ಆಸ್ಪರಜಿನ್ ಎಂಬ ಅಮೈನೋ ಆಮ್ಲಕ್ಕೆ. ಅದರ ಪಕ್ಕ ಪ್ರೋಲಿನ್ ಬಿಟ್ಟು ಬೇರೆ ಯಾವುದಾದರೂ ಒಂದು, ಅದರಾಚೆ ಸೆರಿನ್ ಅಥವಾ ಥ್ರಿಯೊನಿನ್ ಇರಬೇಕು. ಈ ಗುರುತು ಕಂಡರೆ ಒಂದು ಕಿಣ್ವ ಇಡೀ ಗಿಡವನ್ನು ಒಂದೇ ಏಟಿಗೆ ಡಾಲಿಕಾಲ್‌ನಿಂದ ಕಿತ್ತು ಅಲ್ಲಿ ನೆಡುತ್ತದೆ. ಗಿಡ ಪೂರ್ತಿಯಾಗಿದೆ ಎಂದು ಆ ಕಿಣ್ವಕ್ಕೆ ತಿಳಿಸುವುದು ತುದಿಯ ಮೂರು ಗ್ಲೂಕೋಸ್‌ಗಳೇ.

ಅವುಗಳ ಎರಡನೇ ಕೆಲಸ ಇನ್ನೂ ಸೊಗಸು. ಎರಡು ಗ್ಲೂಕೋಸ್ ಹೋಗಿ ಒಂದು ಉಳಿದಾಗ, ಕ್ಯಾಲ್ನೆಕ್ಸಿನ್ ಎಂಬ ಸಹಾಯಕ ಬಂದು ಆ ಒಂದನ್ನು ಹಿಡಿದುಕೊಳ್ಳುತ್ತದೆ. ಪ್ರೋಟೀನು ಸರಿಯಾಗಿ ಮಡಚಿಕೊಳ್ಳಲು ಸಮಯ ಸಿಗುತ್ತದೆ. ಕೊನೆಯದನ್ನೂ ಕತ್ತರಿಸಿದರೆ ಹಿಡಿತ ಬಿಟ್ಟಿತು. ಈಗ ಇನ್ನೊಂದು ಕಿಣ್ವದ ತಪಾಸಣೆ. ಮಡಿಕೆ ಸರಿಯಿಲ್ಲ ಅನ್ನಿಸಿದರೆ ಅದು ಒಂದು ಗ್ಲೂಕೋಸನ್ನು ಮತ್ತೆ ಅಂಟಿಸಿ ವಾಪಸ್ ಕಳಿಸುತ್ತದೆ. ಹೀಗೆ ಎಷ್ಟು ಸುತ್ತು? ಅದಕ್ಕೂ ಲೆಕ್ಕವಿದೆ. ಗಿಡದಲ್ಲಿರುವ ಮ್ಯಾನೋಸ್ ಸಕ್ಕರೆಗಳು ನಿಧಾನವಾಗಿ ಉದುರುತ್ತಿರುತ್ತವೆ. ಜಾಸ್ತಿ ಉದುರಿದರೆ ಸಮಯ ಮುಗಿಯಿತೆಂದೇ ಅರ್ಥ. ಆ ಪ್ರೋಟೀನನ್ನು ಹೊರಗೆಳೆದು ಚೂರು ಮಾಡಲಾಗುತ್ತದೆ.

ಪಾಸಾದವು ಕೋಶದ ಮುಂದಿನ ಕಾರ್ಯಾಗಾರವಾದ ಗಾಲ್ಗಿಗೆ ಹೋಗುತ್ತವೆ. ಅಲ್ಲಿ ಗಿಡವನ್ನು ಇನ್ನಷ್ಟು ಸವರಿ, ಹೊಸ ಸಕ್ಕರೆ ಸೇರಿಸಲಾಗುತ್ತದೆ. (ಎ ಮತ್ತು ಬಿ ರಕ್ತದ ಗುಂಪುಗಳ ವ್ಯತ್ಯಾಸವೂ ಇಂಥ ಸರಪಳಿಯ ತುದಿಯ ಒಂದೇ ಒಂದು ಸಕ್ಕರೆ!) ಕೋಶದ ಕಸ ಅರಗಿಸುವ ಲೈಸೊಸೋಮ್‌ಗೆ ಹೋಗಬೇಕಾದ ಕಿಣ್ವಗಳಾದರೆ, ಅವುಗಳ ಮ್ಯಾನೋಸ್‌ಗೆ ಫಾಸ್ಫೇಟಿನ ಚೀಟಿ ಬೀಳುತ್ತದೆ. ಮಕ್ಕಳಲ್ಲಿ ಕಾಣುವ ಐ-ಸೆಲ್ ಎಂಬ ಅಪರೂಪದ ಕಾಯಿಲೆಯಲ್ಲಿ ಈ ಚೀಟಿಯೇ ಬೀಳುವುದಿಲ್ಲ. ಕಿಣ್ವಗಳಲ್ಲಿ ದೋಷವೇನಿಲ್ಲ, ಅವಕ್ಕೆ ವಿಳಾಸವಿಲ್ಲ ಅಷ್ಟೇ. ಕೋಶದೊಳಗೆ ಕಸ ರಾಶಿ ಬೀಳುತ್ತಿರುತ್ತದೆ. ಅದನ್ನು ಅರಗಿಸಬೇಕಾದ ಕಿಣ್ವಗಳು ಹೊರಗೆ, ಮಗುವಿನ ರಕ್ತದಲ್ಲಿ, ತುಂಬಿಕೊಂಡಿರುತ್ತವೆ.