ಕೂಡದ ಮೂಳೆಗೆ ಗುಳ್ಳೆ, ಶಬ್ದ ಮತ್ತು ಒಂದು ಜೀನ್

ಲಿವರ್‌ನಲ್ಲಿ ಕಂಡ ಗಡ್ಡೆ ಸಾಧಾರಣದ್ದೋ ಕ್ಯಾನ್ಸರೋ ಎಂಬ ಸಂಶಯ ಬಂದಾಗ ನಮ್ಮಂಥ ರೇಡಿಯಾಲಜಿಸ್ಟರು ಕೈಯ ರಕ್ತನಾಳಕ್ಕೆ ಬಿಳಿ ಬಣ್ಣದ ದ್ರವವೊಂದನ್ನು ಕೊಟ್ಟು ಅಲ್ಟ್ರಾಸೌಂಡ್ ಮಾಡುವುದುಂಟು. ಆ ದ್ರವದ ತುಂಬ ಅನಿಲದ ಗುಳ್ಳೆಗಳು. ಬಹುಪಾಲು ಕೆಂಪು ರಕ್ತಕಣಕ್ಕಿಂತ ಚಿಕ್ಕವು, ಮೇಲೆ ಕೊಬ್ಬಿನದ್ದೋ ಆಲ್ಬುಮಿನ್ ಪ್ರೋಟೀನಿನದ್ದೋ ತೆಳು ಪೊರೆ. ಕೆಲವು ನಿಮಿಷ ರಕ್ತದ ಜೊತೆ ಸುತ್ತಿ ಕರಗುತ್ತವೆ; ಒಳಗಿನ ಅನಿಲ ಉಸಿರಿನಲ್ಲಿ ಹೊರಟುಹೋಗುತ್ತದೆ. ಯಂತ್ರದಲ್ಲಿ ಒಂದು ಗುಂಡಿ ಇರುತ್ತದೆ. ಒತ್ತಿದರೆ ಕ್ಷಣಕಾಲ ಶಬ್ದದ ಒತ್ತಡ ಏರಿ, ಆ ಭಾಗದ ಗುಳ್ಳೆಗಳೆಲ್ಲ ಒಡೆದು ಪರದೆ ಕಪ್ಪಾಗುತ್ತದೆ. ಹೊಸ ಗುಳ್ಳೆಗಳು ಎಷ್ಟು ಬೇಗ ಬಂದು ತುಂಬುತ್ತವೆ ಎಂಬುದರಿಂದ ರಕ್ತದ ಹರಿವನ್ನು ಅಂದಾಜು ಮಾಡುತ್ತೇವೆ. ನಮಗೆ ಅಳತೆಗೆ ಒದಗುವ ಆ ಒಡೆತವನ್ನೇ ಸಂಶೋಧಕರು ಜೀವಕೋಶದೊಳಗೆ ಜೀನ್ ಸೇರಿಸಲು, ಆ ಮೂಲಕ ಮುರಿದು ಕೂಡದ ಮೂಳೆಯನ್ನು ಕೂಡಿಸಲು ಬಳಸುತ್ತಿದ್ದಾರೆ.

ಅಲೆಯ ಒತ್ತಡ ಏರಿದಾಗ ಗುಳ್ಳೆ ಕುಗ್ಗುತ್ತದೆ, ಇಳಿದಾಗ ಹಿಗ್ಗುತ್ತದೆ, ಅದೂ ಸೆಕೆಂಡಿಗೆ ಹತ್ತು ಲಕ್ಷ ಸಲದಷ್ಟು. ಒತ್ತಡ ಮೃದುವಾಗಿದ್ದರೆ ಸುತ್ತಲಿನ ದ್ರವ ಸುಳಿದಾಡಿ ಪಕ್ಕದ ಕೋಶಪೊರೆಯನ್ನು ಎಳೆದಾಡುತ್ತದೆ. ಒತ್ತಡ ಹೆಚ್ಚಿದರೆ ಗುಳ್ಳೆ ಒಮ್ಮೆಲೇ ಕುಸಿಯುತ್ತದೆ; ಆ ರಭಸಕ್ಕೆ ಹೊಮ್ಮುವ ಸಪೂರ ಧಾರೆ ಪೊರೆಗೆ ರಂಧ್ರ ಕೊರೆಯಬಲ್ಲದು. ಜೀನ್ ಒಳಸೇರುವುದು ಆ ರಂಧ್ರದ ಮೂಲಕ. ಕೋಶ ಅದನ್ನು ಸೆಕೆಂಡು, ನಿಮಿಷಗಳಲ್ಲೇ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಳ್ಳಲಾಗದಿದ್ದರೆ ಸಾಯುತ್ತದೆ.

ಜೀನ್ ಸಾಗಿಸಲು ವೈರಸ್ ಇರುವಾಗ ಇಷ್ಟೆಲ್ಲ ಯಾಕೆ? 1999ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ಅಡಿನೋವೈರಸ್ ಮೂಲಕ ಜೀನ್ ಪಡೆದ ನಾಲ್ಕೇ ದಿನಗಳಲ್ಲಿ ತೀರಿಕೊಂಡ. ದೇಹದ ರೋಗನಿರೋಧಕ ಶಕ್ತಿ ಆ ವೈರಸ್ಸಿನ ವಿರುದ್ಧ ಉಗ್ರವಾಗಿ ತಿರುಗಿಬಿದ್ದಿತ್ತು. ಇಂದು ಹೆಚ್ಚು ಬಳಕೆಯಲ್ಲಿರುವ ಎಎವಿ (ಅಡಿನೋ-ಅಸೋಸಿಯೇಟೆಡ್ ವೈರಸ್) ಎಂಬ ಇನ್ನೊಂದು ವೈರಸ್ ಅದಕ್ಕಿಂತ ಸೌಮ್ಯವೇನೋ ಹೌದು, ಆದರೆ ಅದರಲ್ಲಿ ಸುಮಾರು 4,700 ಅಕ್ಷರಗಳಷ್ಟು ಡಿಎನ್‌ಎ ಮಾತ್ರ ಹಿಡಿಸುತ್ತದೆ. ಒಮ್ಮೆ ಕೊಟ್ಟರೆ ಪ್ರತಿಕಾಯಗಳು ಹುಟ್ಟಿ ಎರಡನೇ ಸಲ ಕೊಡುವುದೂ ಕಷ್ಟವಾಗುತ್ತದೆ. ಗುಳ್ಳೆಗಳ ಜೊತೆ ಕಳಿಸುವ ಪ್ಲಾಸ್ಮಿಡ್ ಎಂಬ ಉಂಗುರಾಕಾರದ ಡಿಎನ್‌ಎಗೆ ಇಂಥ ಕಟ್ಟುಪಾಡಿಲ್ಲ. ಜೊತೆಗೆ ಶಬ್ದವನ್ನು ಬೇಕಾದ ಜಾಗಕ್ಕಷ್ಟೇ ಗುರಿಯಿಡಬಹುದು.

ಆದರೆ ಪೊರೆ ದಾಟಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಪ್ಲಾಸ್ಮಿಡ್ ಕೋಶಕೇಂದ್ರ ತಲುಪಬೇಕು, ಮತ್ತು ಹೊರಟದ್ದರಲ್ಲಿ ಅಲ್ಲಿಗೆ ತಲುಪುವುದು ಅತ್ಯಲ್ಪ. ತಲುಪಿದ್ದೂ ನಮ್ಮ ವರ್ಣತಂತುವಿನೊಂದಿಗೆ ಸಾಮಾನ್ಯವಾಗಿ ಬೆಸೆದುಕೊಳ್ಳದ ಕಾರಣ ಕ್ರಮೇಣ ಕಳೆದುಹೋಗುತ್ತದೆ. ಹಿಮೋಫಿಲಿಯಾ ರೋಗಿಗೆ ರಕ್ತ ಹೆಪ್ಪುಗಟ್ಟಿಸುವ ಅಂಶ ಬದುಕಿಡೀ ಬೇಕು. ಅಲ್ಲಿ ಇದು ದೊಡ್ಡ ಕೊರತೆ. ಮೂಳೆಯ ವಿಷಯ ಬೇರೆ. ಅಲ್ಲಿ ಬೇಕಿರುವುದು ಒಂದಷ್ಟು ದಿನದ ಚಾಲನೆ ಮಾತ್ರ. ಆಮೇಲೂ ಆ ಜೀನ್ ದುಡಿಯುತ್ತಲೇ ಇದ್ದರೆ ಅದೇ ಅಪಾಯ. ಈ ವಿಧಾನ ಮೊದಲು ಮೂಳೆಯಲ್ಲೇ ನೆಲೆಯೂರಬೇಕು ಎಂದು ನಾನು ವಾದಿಸುವುದು ಇದಕ್ಕೇ.

2017ರಲ್ಲಿ ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯ ತಂಡ ಪ್ರಕಟಿಸಿದ ಕೆಲಸವನ್ನು ಓದಿ ನಾನು ನಿಜಕ್ಕೂ ರೋಮಾಂಚಿತನಾದೆ. ಗಿಡ್ಡ ತಳಿಯ ಹಂದಿಗಳ ಕಾಲಿನ ಮೂಳೆಯಲ್ಲಿ ತಾನಾಗಿ ಕೂಡಲಾರದಷ್ಟು ಅಂತರ ಬಿಟ್ಟು, ಅಲ್ಲಿ ಕೊಲಾಜೆನ್ ಸ್ಪಂಜು ಇಟ್ಟರು. ಎರಡು ವಾರ ಕಾದರು. ಅಷ್ಟರಲ್ಲಿ ದೇಹದ್ದೇ ಕಾಂಡಕೋಶಗಳು, ಅಂದರೆ ಮೂಳೆಯಂಥ ಅಂಗಾಂಶವಾಗಿ ಬೆಳೆಯಬಲ್ಲ ಮೂಲಕೋಶಗಳು, ಬಂದು ಸ್ಪಂಜಿನಲ್ಲಿ ಸೇರಿಕೊಂಡವು. ಆಮೇಲೆ ಮೂಳೆ ಬೆಳೆಸುವ ಬಿಎಂಪಿ-6 ಪ್ರೋಟೀನಿನ ಜೀನನ್ನು ಗುಳ್ಳೆಗಳ ಜೊತೆ ಅಲ್ಲಿಗೇ ಚುಚ್ಚಿ, ಚರ್ಮದ ಮೇಲಿಂದ ಅಲ್ಟ್ರಾಸೌಂಡ್ ಹಾಯಿಸಿದರು. ಯಾವ ಕೋಶಕ್ಕೆ ಸೇರಿತೆಂದು ತೋರಿಸಿಕೊಡುವ ಗುರುತಿನ ಜೀನ್ ಬಳಸಿ ಪರೀಕ್ಷಿಸಿದಾಗ ಅಲ್ಲಿನ ಸುಮಾರು 40% ಕೋಶಗಳಿಗೆ ಅದು ಸೇರಿತ್ತು; ಹಾಗೆ ಸೇರಿದವುಗಳಲ್ಲಿ 80% ಕಾಂಡಕೋಶದ ಗುರುತು ಹೊತ್ತಿದ್ದವು. ಬಿಎಂಪಿ-6 ಪಡೆದ ಎಲ್ಲ ಹಂದಿಗಳಲ್ಲೂ ಆರು ವಾರಕ್ಕೆ ಮೂಳೆ ಕೂಡಿತು. ಪಡೆಯದವುಗಳಲ್ಲಿ ಕೂಡಲಿಲ್ಲ. ಆ ಎರಡು ವಾರದ ಕಾಯುವಿಕೆಯೇ ಇಡೀ ಪ್ರಯೋಗದ ಜಾಣ್ಮೆ ಎನ್ನುತ್ತೇನೆ. ಜೀನ್ ಸ್ವೀಕರಿಸಲು ತಕ್ಕ ಕೋಶಗಳೇ ಅಲ್ಲಿಲ್ಲದಿದ್ದರೆ ಗುಳ್ಳೆ ಒಡೆದು ಏನು ಫಲ?

ಪ್ರೋಟೀನನ್ನೇ ನೇರವಾಗಿ ಕೊಡಬಹುದಲ್ಲ ಎಂದು ಮೂಳೆತಜ್ಞ ಸ್ನೇಹಿತರು ಕೇಳುತ್ತಾರೆ. ಅದೇ ಕುಟುಂಬದ ಬಿಎಂಪಿ-2 ಹಾಗೆ ಬಳಕೆಯಲ್ಲಿದೆ, ಆದರೆ ಬೇಕಾಗುವ ಪ್ರಮಾಣ ದೊಡ್ಡದು. ಕತ್ತಿನ ಬೆನ್ನುಮೂಳೆಯಲ್ಲಿ ಬಳಸಿದಾಗ ಕತ್ತು, ಗಂಟಲು ಊದಿ ಉಸಿರಿಗೇ ಕುತ್ತು ಬಂದ ಪ್ರಕರಣಗಳಿಂದಾಗಿ 2008ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆ ಹೊರಡಿಸಿದ್ದರು. ಇನ್ನು ಸೊಂಟದ ಮೂಳೆ ತೆಗೆದು ಕಸಿ ಮಾಡಿದರೆ, ತೆಗೆದ ಜಾಗದ ನೋವು ಎಷ್ಟೋ ರೋಗಿಗಳನ್ನು ತಿಂಗಳುಗಟ್ಟಲೆ ಕಾಡುತ್ತದೆ.

ಮನೆಯಲ್ಲೇ ಇಟ್ಟುಕೊಂಡು ಮೂಳೆ ಕೂಡಿಸಿಕೊಳ್ಳಬಹುದು ಎನ್ನುವ ಅಲ್ಟ್ರಾಸೌಂಡ್ ಸಾಧನಗಳೊಂದಿಗೆ ಇದನ್ನು ಬೆರೆಸಬೇಡಿ. ಅವುಗಳಲ್ಲಿ ಗುಳ್ಳೆಯೂ ಇಲ್ಲ, ಜೀನೂ ಇಲ್ಲ. ಕಾಲಿನ ಮೂಳೆ ಮುರಿದ 501 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅಂಥ ಸಾಧನದಿಂದ ಗುಣವಾಗುವ ವೇಗ ಹೆಚ್ಚಲಿಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ ರೇಡಿಯಾಲಜಿಸ್ಟಾಗಿ ನನ್ನ ಚಿಂತೆ ಶಬ್ದದ ದಾರಿಯದ್ದು. ಕೊಬ್ಬು, ಸ್ನಾಯು ದಪ್ಪವಾದಷ್ಟೂ ಒತ್ತಡ ದಾರಿಯಲ್ಲೇ ಕುಂದುತ್ತದೆ. ಹೊರಗೆ ಅಳೆದದ್ದೇ ಒಳಗೂ ತಲುಪುವುದಿಲ್ಲ. ಮೂಳೆಗೆ ಬಡಿದ ಶಬ್ದ ಹಿಂದಕ್ಕೆ ಚಿಮ್ಮಿ, ನಾವೆಣಿಸದ ಕಡೆ ಒತ್ತಡ ಹೆಚ್ಚಿಸಲೂಬಹುದು. ಆದ್ದರಿಂದ ತೊಡೆಯ ಮೂಳೆಯಿಂದ ಆರಂಭಿಸುವುದು ಬೇಡ. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯ ಮುಂಭಾಗ ಚರ್ಮದ ಕೆಳಗೇ ಇದೆ, ಕೂಡದೆ ಉಳಿದು ರೋಗಿಗಳನ್ನು ಹೆಚ್ಚು ಸತಾಯಿಸುವ ಮೂಳೆಗಳಲ್ಲೂ ಅದೇ ಮುಂದು. ಮೊದಲ ರೋಗಿಗಳನ್ನು ಆ ಮೂಳೆ ಕೂಡದವರಿಂದಲೇ ಆರಿಸಬೇಕು.